ಹತ್ತು ತಿಂಗಳ ಮೇಷ್ಟ್ರು

ಗಂಡಸಿ ಅರಸೀಕೆರೆ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ತೆಂಗು ಮತ್ತು ರಾಗಿಯನ್ನು ನಂಬಿ ಬದುಕುವ ಹಳ್ಳಿಗಳ ನಡುವಿನ ಊರು. ಇಂಥ ಊರಿನಲ್ಲಿ ಒಂದು ಸರಕಾರಿ ಪ್ರಥಮ ದರ್ಜೆ ಕಾಲೇಜು ಇದೆ ಎಂಬುದು ಸಣ್ಣ ಸಂಗತಿಯಲ್ಲ. ಅರವತ್ತು ವರ್ಷಗಳ ಹಿಂದೆ ಈ ಸೀಮೆಯ ಒಕ್ಕಲ ಮಗನೊಬ್ಬ ಬಿ.ಎ. ಓದಬೇಕಾಗಿದ್ದರೆ ಹಾಸನಕ್ಕೋ ತುಮಕೂರಿಗೋ ಮೈಸೂರಿಗೋ ಹೋಗಿ, ಯಾವುದಾದರೂ ಹಾಸ್ಟೆಲಿನ ಮೂಲೆಯನ್ನೋ ಮಠದ ಪಂಕ್ತಿಯನ್ನೋ ಹಿಡಿಯಬೇಕಾಗಿತ್ತು. ಮಗಳ ಮಾತನ್ನಂತೂ ಯಾರೂ ಎತ್ತುತ್ತಿರಲಿಲ್ಲ. ಇಂದು ಅದೇ ಮನೆಯ ಮಗಳು ಬೆಳಗಿನ ಬಸ್ಸಿಗೆ ಹೊರಟು ಸಂಜೆ ಮನೆ ಸೇರುವಷ್ಟು ಹತ್ತಿರಕ್ಕೆ ಕಾಲೇಜು ಬಂದಿದೆ. 2007ರ ಆಸುಪಾಸಿನಲ್ಲಿ ರಾಜ್ಯದ ಹೋಬಳಿಗಳಿಗೂ ಸಣ್ಣ ಪಟ್ಟಣಗಳಿಗೂ ನೂರಕ್ಕೆ ಮೇಲ್ಪಟ್ಟು ಹೊಸ ಸರಕಾರಿ ಕಾಲೇಜುಗಳು ಬಂದವು. ಯಾವ ಪಕ್ಷದ ಸರಕಾರ ಮಾಡಿದ್ದಾದರೂ ಒಳ್ಳೆಯ ಕೆಲಸವನ್ನು ಒಳ್ಳೆಯದೆಂದೇ ಹೇಳಬೇಕು.

ಆದರೆ ಕಾಲೇಜೆಂದರೆ ಬೋರ್ಡಲ್ಲ, ಕಟ್ಟಡವಲ್ಲ. ಕಾಲೇಜೆಂದರೆ ಅಲ್ಲಿ ನಿಂತು ಪಾಠ ಹೇಳುವ ಮನುಷ್ಯ. ಆ ಮನುಷ್ಯನನ್ನು ಸರಕಾರ ಹೇಗೆ ನಡೆಸಿಕೊಂಡಿದೆ, ಆತನ ದುಡಿಮೆಯಲ್ಲಿ ಸುಖವೆಷ್ಟು, ಸಂಕಟವೆಷ್ಟು ಎಂಬುದನ್ನು ಜನತೆಯ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಮೊದಲು ಸುಖದ ಮಾತು. ಹಳ್ಳಿಗಾಡಿನ ಕಾಲೇಜಿನಲ್ಲಿ ದುಡಿಯುವುದರಲ್ಲಿ ಸುಖವೇ ಇಲ್ಲವೆಂದರೆ ಅದು ಸುಳ್ಳಾದೀತು. ಮೊದಲ ವರ್ಷ ಹಾಜರಿ ಕೂಗಿದಾಗ ಪಕ್ಕದವಳಿಗೂ ಕೇಳಿಸದಂತೆ ದನಿ ಕೊಡುತ್ತಿದ್ದ ಹುಡುಗಿ ಮೂರನೆಯ ವರ್ಷ ಎದ್ದು ನಿಂತು, “ಸಾರ್, ಪುಸ್ತಕದಲ್ಲಿರುವುದು ನಮ್ಮೂರಿನ ವಿಷಯದಲ್ಲಿ ನಿಜವಲ್ಲ” ಎಂದು ವಾದ ಹೂಡುತ್ತಾಳೆ. ಬೆಳಿಗ್ಗೆ ತೋಟದಲ್ಲಿ ಕಾಯಿ ಸುಲಿದು, ಕೈ ತೊಳೆದು, ಬಸ್ಸು ಹತ್ತಿ ಬಂದ ಹುಡುಗ ಸಂವಿಧಾನದ ಮೂಲಭೂತ ಹಕ್ಕುಗಳನ್ನು ಓದಿಕೊಂಡು, ಅದೇ ವಾರ ಪಂಚಾಯಿತಿ ಕಚೇರಿಗೆ ಅರ್ಜಿ ಬರೆಯುತ್ತಾನೆ. ವಿದ್ಯಾರ್ಥಿವೇತನದ ಕಾಗದದಲ್ಲಿ ಅಪ್ಪನ ಹೆಬ್ಬೆಟ್ಟಿನ ಕೆಳಗೆ ಮಗಳ ರುಜು ಬೀಳುತ್ತದೆ. 2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟಿಲ್ಲವೆಂದ ಮೇಲೆ, ಬಸ್ ಚಾರ್ಜಿನ ನೆಪ ಹೇಳಿ ಮಗಳನ್ನು ಮನೆಯಲ್ಲಿ ಕೂರಿಸುತ್ತಿದ್ದ ತಂದೆಗೆ ಆ ನೆಪವೂ ಉಳಿಯಲಿಲ್ಲ. ಇವನ್ನೆಲ್ಲ ಕಣ್ಣಾರೆ ಕಾಣುವ ಭಾಗ್ಯ ಸೆಕ್ರೆಟೇರಿಯಟ್ಟಿನ ಅಧಿಕಾರಿಗಿಲ್ಲ, ಮಂತ್ರಿಗಿಲ್ಲ, ಕಾಲೇಜಿನ ಮೇಷ್ಟ್ರಿಗಿದೆ.

ಆದರೆ ಈ ಸುಖಕ್ಕೆ ಒಂದು ಗುಣವಿದೆ. ಅದು ತಿಂಗಳ ಕೊನೆಗೆ ಬರುವುದಿಲ್ಲ, ವರ್ಷಗಳ ಮೇಲೆ ಬರುತ್ತದೆ. ಹುಡುಗನನ್ನು ಮೂರು ವರ್ಷ ನೋಡಬೇಕು. ಅವನ ತಂಗಿಯೂ ಅದೇ ಕಾಲೇಜಿಗೆ ಬರುವ ತನಕ ಅಲ್ಲಿ ಇರಬೇಕು. ಅವನು ಕೆಲಸ ಹಿಡಿದು ಒಂದು ದಿನ ಬಸ್ಸಿನಲ್ಲಿ ಎದ್ದು ಜಾಗ ಬಿಟ್ಟುಕೊಡುವವರೆಗೆ ಕಾಯಬೇಕು. ತೆಂಗಿನ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೋಟವನ್ನು ವರ್ಷದ ಗುತ್ತಿಗೆಗೆ ಹಿಡಿದವನು ಕಾಯಿ ಕೀಳಿಸಿಕೊಂಡು ಹೋಗುತ್ತಾನೆಯೇ ಹೊರತು ಗುಂಡಿ ತೆಗೆದು ಸಸಿ ಇಡುವುದಿಲ್ಲ. ಸಸಿ ಫಲಕ್ಕೆ ಬರುವಾಗ ತಾನು ಅಲ್ಲಿರುವುದಿಲ್ಲವೆಂದು ಅವನಿಗೆ ಗೊತ್ತು. ನಮ್ಮ ಸರಕಾರ ಮಾಡಿರುವುದು ಇದನ್ನೇ. ವರ್ಷಗಟ್ಟಲೆ ಬಾಳಬೇಕಾದ ಕೆಲಸಕ್ಕೆ ಹತ್ತು ತಿಂಗಳ ಗುತ್ತಿಗೆಯ ಆಳನ್ನು ಹಿಡಿದಿದೆ. ಆ ಆಳಿಗೆ ಇಟ್ಟಿರುವ ಹೆಸರು ‘ಅತಿಥಿ ಉಪನ್ಯಾಸಕ’.

ಅತಿಥಿ ಎಂದರೆ ತಿಥಿ ನೋಡದೆ ಬರುವವನು. ಮನೆಯವರು ಉಣ್ಣುವ ಮೊದಲು ಅವನಿಗೆ ಬಡಿಸುವುದು ನಮ್ಮ ಕಡೆಯ ರೂಢಿ. ಸರಕಾರದ ಮನೆಯ ಅತಿಥಿ ಮಾತ್ರ ಅಡಿಗೆಯನ್ನೂ ಮಾಡಬೇಕು, ಬಡಿಸಲೂ ಬೇಕು, ಕೊನೆಗೆ ಉಳಿದರೆ ಉಣ್ಣಬೇಕು. ರಾಜ್ಯದಲ್ಲಿ ಸುಮಾರು 430 ಸರಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. 2021ರ ಡಿಸೆಂಬರಿನಲ್ಲಿ ಅತಿಥಿ ಉಪನ್ಯಾಸಕರು ಪಾಠ ನಿಲ್ಲಿಸಿ ಬೀದಿಗಿಳಿದಾಗ ಅವರ ಸಂಖ್ಯೆ 14,000ಕ್ಕೂ ಹೆಚ್ಚಾಗಿತ್ತು. ಖಾಯಂ ಅಧ್ಯಾಪಕರಿಗಿಂತ ಇವರೇ ಹೆಚ್ಚು. ಮನೆಯವರಿಗಿಂತ ಅತಿಥಿಗಳೇ ಹೆಚ್ಚಾದ ಈ ಮನೆ ಎಂಥ ಮನೆ?

ಆಗ ಅವರಿಗೆ ಸಿಗುತ್ತಿದ್ದುದು ತಿಂಗಳಿಗೆ 11,000 ರೂಪಾಯಿ. ನೆಟ್ ಅಥವಾ ಪಿಎಚ್.ಡಿ. ಆದವರಿಗೆ 13,000. ಇಲ್ಲಿ ಒಂದು ಲೆಕ್ಕ ಹಾಕಬೇಕು. 1963ರಲ್ಲಿ ಡಾ. ಲೋಹಿಯಾ ಲೋಕಸಭೆಯಲ್ಲಿ ಎದ್ದು ನಿಂತು, ಈ ದೇಶದ ಬಡವನ ದಿನದ ಆದಾಯ ಮೂರಾಣೆಯೋ ಹದಿನೈದಾಣೆಯೋ ಎಂದು ಸರಕಾರವನ್ನು ಲೆಕ್ಕಕ್ಕೆಳೆದರು. ದೊಡ್ಡ ಮಾತುಗಳನ್ನು ದಿನದ ಲೆಕ್ಕಕ್ಕೆ ಇಳಿಸಿದಾಗ ನಿಜ ಹೊರಗೆ ಬರುತ್ತದೆಂಬುದನ್ನು ಅವರು ನಮಗೆ ಕಲಿಸಿದರು. ಹನ್ನೊಂದು ಸಾವಿರದಂತೆ ಹತ್ತು ತಿಂಗಳಿಗೆ 1,10,000 ರೂಪಾಯಿ. ವರ್ಷದ 365 ದಿನಕ್ಕೆ ಹಂಚಿದರೆ ದಿನಕ್ಕೆ 301 ರೂಪಾಯಿ. ಅದೇ 2021–22ರಲ್ಲಿ ಉದ್ಯೋಗ ಖಾತರಿ ಯೋಜನೆಯಲ್ಲಿ ಕರ್ನಾಟಕಕ್ಕೆ ನಿಗದಿಯಾಗಿದ್ದ ದಿನಗೂಲಿ 289 ರೂಪಾಯಿ. ಅಂದರೆ ಹದಿನೇಳು ವರ್ಷದ ಓದಿಗೆ ಸರಕಾರ ಕಟ್ಟಿದ ಬೆಲೆ ದಿನಕ್ಕೆ ಹನ್ನೆರಡು ರೂಪಾಯಿ! ಕೂಲಿಕಾರನಿಗೆ ಹೆಚ್ಚು ಸಿಗುತ್ತಿತ್ತೆಂದು ನಾವು ಹೇಳುತ್ತಿಲ್ಲ. ಅವನಿಗೆ ಸಿಗುತ್ತಿದ್ದುದೂ ಕಡಿಮೆಯೇ. ಇಬ್ಬರ ಹೊಟ್ಟೆಯನ್ನೂ ಹಿಡಿದದ್ದು ಒಂದೇ ಕೈ ಎಂದು ಹೇಳುತ್ತಿದ್ದೇವೆ.

ಮುಷ್ಕರದ ಫಲವಾಗಿ 2022ರ ಜನವರಿಯಲ್ಲಿ ಗೌರವಧನ 26,000ದಿಂದ 32,000 ರೂಪಾಯಿಯವರೆಗೆ ಏರಿತು. ಹೋರಾಡದೆ ಏನೂ ಸಿಗುವುದಿಲ್ಲವೆಂಬುದಕ್ಕೆ ಇದು ಸಾಕ್ಷಿ. ಆದರೆ ಅದೇ ಆದೇಶದಲ್ಲಿ ಒಂದು ಮುಳ್ಳಿತ್ತು. ವಾರಕ್ಕೆ ಎಂಟು ಹತ್ತು ಗಂಟೆ ಇದ್ದ ಕಾರ್ಯಭಾರವನ್ನು 15 ಗಂಟೆಗೆ ಏರಿಸಲಾಯಿತು. ಇಬ್ಬರು ಮಾಡುತ್ತಿದ್ದ ಪಾಠ ಒಬ್ಬರ ಪಾಲಾಯಿತು. ಸಾವಿರಾರು ಮಂದಿ ಇದ್ದ ಕೆಲಸವನ್ನೂ ಕಳೆದುಕೊಂಡರು. ಒಬ್ಬನ ತಟ್ಟೆಗೆ ಬಡಿಸಿದ್ದು ಪಕ್ಕದವನ ತಟ್ಟೆಯಿಂದ ತೆಗೆದ ಅನ್ನ. ಗೌರವಧನವನ್ನು ಪ್ರತಿ ತಿಂಗಳು ಹತ್ತನೆಯ ತಾರೀಕಿನೊಳಗೆ ಕೊಡುವುದಾಗಿ ಸರಕಾರ ಆಗ ಭರವಸೆ ಕೊಡಬೇಕಾಗಿ ಬಂತು. ಅದಕ್ಕೂ ಮುಂಚೆ ಹೇಗಿತ್ತೆಂಬುದಕ್ಕೆ ಬೇರೆ ಪುರಾವೆ ಬೇಕೆ?

ಮತ್ತೆ 2023ರ ನವೆಂಬರಿನಲ್ಲಿ ಮುಷ್ಕರ. 2024ರ ಹೊಸ ವರ್ಷದ ದಿನ ತುಮಕೂರಿನಿಂದ ಬೆಂಗಳೂರಿಗೆ ಪಾದಯಾತ್ರೆ. ಆ ಬಳಿಕ ಸೇವೆಯ ಅವಧಿ ನೋಡಿ ಐದು ಸಾವಿರ ಮತ್ತು ಅದಕ್ಕೆ ಮೇಲ್ಪಟ್ಟ ಏರಿಕೆ, ಆರೋಗ್ಯ ವಿಮೆ, ಅರವತ್ತು ತುಂಬಿ ಮನೆಗೆ ಹೋಗುವ ಹಿರಿಯರಿಗೆ ಐದು ಲಕ್ಷ ರೂಪಾಯಿ ಇಡುಗಂಟು ಎಂಬ ಘೋಷಣೆ. ಐದು ಲಕ್ಷವೆಂದರೆ ಕಿವಿಗೆ ದೊಡ್ಡದಾಗಿ ಕೇಳಿಸುತ್ತದೆ. ಇಪ್ಪತ್ತು ವರ್ಷ ಪಾಠ ಹೇಳಿದವನಿಗೆ ಅದು ವರ್ಷಕ್ಕೆ 25,000. ದಿನಕ್ಕೆ 68 ರೂಪಾಯಿ. ಇದು ಮುಪ್ಪಿಗೆ ಸರಕಾರ ಕೊಟ್ಟ ಆಸರೆ.

ಇದರ ಪಕ್ಕದಲ್ಲಿ ಯು.ಜಿ.ಸಿ.ಯ ಮಾತನ್ನು ಇಟ್ಟು ನೋಡಿ. ಅತಿಥಿ ಅಧ್ಯಾಪಕರಿಗೆ ಒಂದು ಪಾಠಕ್ಕೆ 1,500 ರೂಪಾಯಿ, ತಿಂಗಳಿಗೆ 50,000 ಮೀರದಂತೆ ಕೊಡಬೇಕೆಂದು ಅದು 2019ರ ಜನವರಿಯಲ್ಲೇ ಹೇಳಿತು. ಏಳನೆಯ ವೇತನ ಆಯೋಗದ ಪ್ರಕಾರ ಖಾಯಂ ಸಹಾಯಕ ಪ್ರಾಧ್ಯಾಪಕನ ಆರಂಭದ ಮೂಲ ವೇತನವೇ 57,700. ಪಕ್ಕಪಕ್ಕದ ಕೋಣೆಯಲ್ಲಿ ಅದೇ ಪುಸ್ತಕ, ಅದೇ ಪರೀಕ್ಷೆ, ಅದೇ ಹುಡುಗರು. ಗೋಡೆಯೊಂದೇ ವ್ಯತ್ಯಾಸ.

ಸಂಬಳ ಒಂದೇ ಸಂಕಟವಲ್ಲ. ಖಾಯಂ ಮೇಷ್ಟ್ರಿಗೂ ಅತಿಥಿಗೂ ಸಮನಾಗಿ ಹಂಚಿಬಂದಿರುವ ಇನ್ನೊಂದು ಹೊರೆಯಿದೆ. 2021ರಲ್ಲಿ ದೇಶದಲ್ಲೇ ಮೊದಲೆಂದು ಹೆಮ್ಮೆಪಟ್ಟು ನಮ್ಮ ರಾಜ್ಯ ಹೊಸ ಶಿಕ್ಷಣ ನೀತಿಯನ್ನು ತಂದಿತು. ನಾಲ್ಕು ವರ್ಷದ ಪದವಿ, ಹೊಸ ಪಠ್ಯ. 2024ರಲ್ಲಿ ಅದನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಲಾಯಿತು. ಮತ್ತೆ ಹೊಸ ಪಠ್ಯ. ಯಾವ ನೀತಿ ಒಳ್ಳೆಯದೆಂಬ ವಾದ ಬೇರೆ. ಆದರೆ ಮೂರು ವರ್ಷದಲ್ಲಿ ಎರಡು ಸಲ ಪಠ್ಯ ಬದಲಾದಾಗ, ಪುಸ್ತಕ ಅಂಗಡಿಗೆ ಬರುವ ಮೊದಲೇ ಟಿಪ್ಪಣಿ ಬರೆದು ಹುಡುಗರ ಕೈಗೆ ಕೊಟ್ಟವರು ಯಾರು? ಹತ್ತು ತಿಂಗಳ ಮೇಷ್ಟ್ರುಗಳೇ. ಇದರ ಜೊತೆಗೆ ಪ್ರವೇಶ, ಪರೀಕ್ಷೆ, ಅಂಕಗಳನ್ನೆಲ್ಲ ಕಂಪ್ಯೂಟರಿಗೆ ತುಂಬುವ ಕೆಲಸ, ನ್ಯಾಕ್ ತಂಡ ಬರುವಾಗ ಕಡತ ಜೋಡಿಸುವ ಕೆಲಸ, ಚುನಾವಣೆ ಬಂದಾಗ ಚುನಾವಣೆಯ ಕೆಲಸ. ಗುಮಾಸ್ತರ ಹುದ್ದೆ ತುಂಬದೆ ಮೇಷ್ಟ್ರನ್ನೇ ಗುಮಾಸ್ತನನ್ನಾಗಿ ಮಾಡಿದರೆ, ನಷ್ಟವಾಗುವುದು ಪಾಠ ಕೇಳಲು ಬಂದ ಮಕ್ಕಳಿಗೆ.

ಇವೆಲ್ಲಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಅದು ಯಾವ ಲೆಕ್ಕಪತ್ರದಲ್ಲೂ ಕಾಣುವುದಿಲ್ಲ. ಈ ನಾಡಿನಲ್ಲಿ ಕಾಲೇಜು ಮೇಷ್ಟ್ರು ಸಂಬಳ ಎಣಿಸಿಕೊಂಡು ಸುಮ್ಮನೆ ಮನೆಗೆ ಹೋದವರಲ್ಲ. ಬಿ. ಕೃಷ್ಣಪ್ಪನವರು ಭದ್ರಾವತಿಯಲ್ಲಿ ಕನ್ನಡ ಅಧ್ಯಾಪಕರಾಗಿದ್ದುಕೊಂಡೇ 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದರು. ಅನಂತಮೂರ್ತಿ, ಲಂಕೇಶ್ ಇಂಗ್ಲಿಷ್ ಪಾಠ ಹೇಳುತ್ತಲೇ ಕನ್ನಡದಲ್ಲಿ ಬರೆದು ಒಂದು ತಲೆಮಾರನ್ನು ಎಚ್ಚರಿಸಿದರು. ನಾಳೆಯ ಅನ್ನ ಇಂದಿನ ಮಾತಿನ ಮೇಲೆ ನಿಂತಿಲ್ಲವೆಂಬ ಧೈರ್ಯ ಅವರಿಗಿತ್ತು. ಇಂದಿನ ಅತಿಥಿ ಉಪನ್ಯಾಸಕನಿಗೆ ಆ ಧೈರ್ಯ ಎಲ್ಲಿಂದ ಬರಬೇಕು? ವರ್ಷವರ್ಷವೂ ಹೊಸ ಅರ್ಜಿ, ಹೊಸ ಕೌನ್ಸೆಲಿಂಗ್. ಖಾಯಂ ಅಧ್ಯಾಪಕರೊಬ್ಬರು ವರ್ಗವಾಗಿ ಬಂದರೆ ಇವನು ಜಾಗ ಖಾಲಿ ಮಾಡಬೇಕು. ಇಂಥವನು ಊರಿನ ಕೆರೆ ಒತ್ತುವರಿಯ ಬಗ್ಗೆ, ಹೋಟೆಲಿನ ಎರಡು ಲೋಟದ ಬಗ್ಗೆ, ಆಳುವವರ ತಪ್ಪಿನ ಬಗ್ಗೆ ಬಾಯಿ ಬಿಡುವುದು ಹೇಗೆ? ಅಂಜುವ ಮೇಷ್ಟ್ರು ಅಂಜದ ಪ್ರಜೆಗಳನ್ನು ತಯಾರು ಮಾಡಲಾರ. ಅಗ್ಗದ ದುಡಿಮೆಯ ಜೊತೆಗೆ ಸರಕಾರಕ್ಕೆ ಮೌನವೂ ಪುಕ್ಕಟೆಯಾಗಿ ಸಿಕ್ಕಿದೆ.

ಕಾನೂನು ಅಡ್ಡಬರುತ್ತದೆಂಬುದು ಎಲ್ಲ ಸರಕಾರಗಳೂ ಕೊಡುವ ಉತ್ತರ. ಆ ಕಾನೂನು ನಮ್ಮ ರಾಜ್ಯದ ಹೆಸರಿನಲ್ಲೇ ಇದೆ. 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಕರ್ನಾಟಕ ಸರಕಾರ ಮತ್ತು ಉಮಾದೇವಿ ಮೊಕದ್ದಮೆಯಲ್ಲಿ, ಹಿಂಬಾಗಿಲಿನಿಂದ ಬಂದವರನ್ನು ಖಾಯಂ ಮಾಡಕೂಡದೆಂದು ಹೇಳಿತು. ನಿಜ. ಆದರೆ ಅದೇ ತೀರ್ಪು, ಮಂಜೂರಾದ ಹುದ್ದೆಯಲ್ಲಿ ಅರ್ಹತೆಯುಳ್ಳವರು ನ್ಯಾಯಾಲಯದ ಆಸರೆಯಿಲ್ಲದೆ ಹತ್ತು ವರ್ಷ ದುಡಿದಿದ್ದರೆ ಒಂದು ಸಲಕ್ಕೆ ಅವರ ಸೇವೆಯನ್ನು ಪರಿಶೀಲಿಸಿ ಖಾಯಂ ಮಾಡಿರಿ, ಖಾಲಿ ಹುದ್ದೆಗಳನ್ನು ಕ್ರಮವಾಗಿ ತುಂಬಿರಿ, ಆರು ತಿಂಗಳಲ್ಲಿ ಕೆಲಸ ಶುರುಮಾಡಿರಿ ಎಂದೂ ಹೇಳಿತು. ನಮ್ಮ ಆಳರಸರಿಗೆ ಮೊದಲ ಅರ್ಧ ಬಾಯಿಪಾಠವಾಗಿದೆ. ಎರಡನೆಯ ಅರ್ಧ ಮರೆತುಹೋಗಿದೆ. ದೀರ್ಘಕಾಲ ದುಡಿದವರನ್ನು ಶೋಷಿಸಲು ಈ ತೀರ್ಪನ್ನು ಗುರಾಣಿ ಮಾಡಿಕೊಳ್ಳಬಾರದೆಂದು ಸುಪ್ರೀಂ ಕೋರ್ಟೇ 2024ರ ಡಿಸೆಂಬರಿನಲ್ಲಿ ತಿಳಿಹೇಳಬೇಕಾಯಿತು. 2025ರ ಆಗಸ್ಟಿನಲ್ಲಿ ಗುಜರಾತಿನ ಸರಕಾರಿ ಇಂಜಿನಿಯರಿಂಗ್ ಕಾಲೇಜುಗಳ ಗುತ್ತಿಗೆ ಅಧ್ಯಾಪಕರಿಗೆ, ತಿಂಗಳಿಗೆ 30,000 ರೂಪಾಯಿಗೆ ದುಡಿಯುತ್ತಿದ್ದವರಿಗೆ, ಸಹಾಯಕ ಪ್ರಾಧ್ಯಾಪಕರ ಕನಿಷ್ಠ ವೇತನ ಶ್ರೇಣಿ ಕೊಡಬೇಕೆಂದು ಅದು ತೀರ್ಪಿತ್ತಿತು. ಸಭೆಗಳಲ್ಲಿ ಗುರುವನ್ನು ದೇವರೆಂದು ಹೊಗಳಿದರೆ ಸಾಲದು, ಅವನನ್ನು ನಡೆಸಿಕೊಳ್ಳುವುದರಲ್ಲಿ ಆ ಗೌರವ ಕಾಣಬೇಕೆಂಬುದು ಅದರ ಭಾವ. ಹರಿಯಾಣದ ವಿಧಾನಸಭೆ 2024ರಲ್ಲಿ ಅತಿಥಿ ಉಪನ್ಯಾಸಕರ ಸೇವಾ ಭದ್ರತೆಗೆಂದೇ ಕಾಯ್ದೆ ಮಾಡಿತು. ಅಲ್ಲಿ ಆಗುವುದು ಇಲ್ಲಿ ಏಕಾಗದು?

ಇಷ್ಟು ಹೇಳಿದ ಮೇಲೆ ನಮ್ಮವರಿಗೂ ಒಂದು ಮಾತು ಹೇಳದಿದ್ದರೆ ಅಪ್ರಾಮಾಣಿಕತೆಯಾದೀತು. “ಇರುವವರನ್ನೆಲ್ಲ ಇದ್ದಂತೆಯೇ ಖಾಯಂ ಮಾಡಿ” ಎಂಬ ಕೂಗು ಕೇಳಲು ಸರಳ. ಆದರೆ ಸಮಾಜವಾದಿಗಳಾದ ನಾವು ಮೂರು ಜನರ ಮುಖವನ್ನು ಒಟ್ಟಿಗೆ ನೋಡಬೇಕು. ಒಬ್ಬ, ಹದಿನೈದು ವರ್ಷ ಪಾಠ ಹೇಳಿ ತಲೆ ನೆರೆತ ಅತಿಥಿ. ಇನ್ನೊಬ್ಬಳು, ಪರಿಶಿಷ್ಟ ಜಾತಿಯ ಅಥವಾ ಹಿಂದುಳಿದ ವರ್ಗದ ಮನೆಯಿಂದ ಬಂದು, ನಿನ್ನೆ ಎಂ.ಎ. ಮುಗಿಸಿ ನೆಟ್ ಪಾಸು ಮಾಡಿ, ಮೀಸಲಾತಿಯ ರೋಸ್ಟರಿನಲ್ಲಿ ತನ್ನ ಸರದಿಗೆ ಕಾದಿರುವ ಹೆಣ್ಣುಮಗಳು. ಮೂರನೆಯವನು, ಬೆಂಗಳೂರಿನ ಹುಡುಗನಿಗೆ ಸಿಗುವಷ್ಟೇ ಒಳ್ಳೆಯ ಪಾಠಕ್ಕೆ ಹಕ್ಕುದಾರನಾದ ಗಂಡಸಿಯ ವಿದ್ಯಾರ್ಥಿ. ಮೊದಲನೆಯವನಿಗೆ ನ್ಯಾಯ ಕೊಡಲು ಎರಡನೆಯವಳ ಮೀಸಲಾತಿಯನ್ನು ನುಂಗಿಹಾಕಿದರೆ ಅದು ನ್ಯಾಯವಲ್ಲ. ಹಿಂದುಳಿದವರಿಗೆ ವಿಶೇಷ ಅವಕಾಶವೆಂಬ ತತ್ತ್ವಕ್ಕಾಗಿ ಬಾಳು ಸವೆಸಿದ ಲೋಹಿಯಾ ಅವರ ಹೆಸರು ಹೇಳುವ ನಾವು ಅದಕ್ಕೆ ಒಪ್ಪಲಾರೆವು. ಹಾಗೆಯೇ, ಯು.ಜಿ.ಸಿ. ಅರ್ಹತೆ ಇಲ್ಲದವರನ್ನು ಕೈಬಿಡಬೇಕೆಂಬ ವಾದ ನ್ಯಾಯಾಲಯದ ಮೆಟ್ಟಿಲು ಹತ್ತಿದೆ. ಅರ್ಹತೆ ಬೇಕೆಂಬುದು ಸರಿ. ಆದರೆ ಅಗ್ಗಕ್ಕೆ ಸಿಗುವಾಗ ಅರ್ಹತೆ ಕೇಳದೆ ವರ್ಷಾನುಗಟ್ಟಲೆ ದುಡಿಸಿಕೊಂಡು, ಐವತ್ತು ದಾಟಿದ ಮೇಲೆ “ನೀನು ಅರ್ಹನಲ್ಲ” ಎಂದು ಹೊರಗೆ ಕಳಿಸುವ ಹಕ್ಕು ಯಾವ ಸರಕಾರಕ್ಕೂ ಇಲ್ಲ.

ಈ ಮೂವರನ್ನೂ ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿದ್ದು ಯಾವುದು? ನೇಮಕಾತಿಯ ಬರಗಾಲ. 2021ರಲ್ಲಿ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ ಅರ್ಜಿ ಕರೆದರು. 2022ರ ಮಾರ್ಚಿನಲ್ಲಿ ಪರೀಕ್ಷೆ ನಡೆಯಿತು. ಅದರಲ್ಲೂ ಭೂಗೋಳಶಾಸ್ತ್ರದ ಪ್ರಶ್ನೆಪತ್ರಿಕೆ ಸೋರಿಹೋಗಿ ಪೊಲೀಸರು ಬರಬೇಕಾಯಿತು. ವರ್ಷಗಟ್ಟಲೆ ಎಳೆದ ಮೇಲೆ ನೇಮಕದ ಆದೇಶ ಕೈಗೆ ಬಂತು. ಹೀಗೆ ಅಪರೂಪಕ್ಕೊಮ್ಮೆ ಹುದ್ದೆ ತುಂಬುವುದರಿಂದಲೇ ಹಳಬರಿಗೂ ಹೊಸಬರಿಗೂ ಜಗಳ ಹತ್ತಿಕೊಂಡಿದೆ. ಬರವನ್ನು ಸೃಷ್ಟಿಸಿದವನು ದೂರ ನಿಂತು ನೋಡುತ್ತಿದ್ದಾನೆ.

ಆದ್ದರಿಂದ ನಮ್ಮ ಒತ್ತಾಯಗಳು ಸ್ಪಷ್ಟವಾಗಿವೆ. ಒಂದು: ಖಾಲಿ ಹುದ್ದೆಗಳ ಪಟ್ಟಿಯನ್ನು ಕಾಲೇಜುವಾರು, ವಿಷಯವಾರು ಪ್ರಕಟಿಸಬೇಕು, ಪ್ರತಿ ವರ್ಷ ಗೊತ್ತಾದ ತಿಂಗಳಲ್ಲಿ ನೇಮಕಾತಿ ನಡೆಯಬೇಕು, ಮೀಸಲಾತಿಯ ರೋಸ್ಟರನ್ನು ಒಂದಿಷ್ಟೂ ಸಡಿಲಿಸಕೂಡದು. ಎರಡು: ಆ ನೇಮಕಾತಿಯಲ್ಲಿ ಅತಿಥಿಗಳಾಗಿ ದುಡಿದವರ ಪ್ರತಿಯೊಂದು ವರ್ಷಕ್ಕೂ ಅಂಕ ಕೊಡಬೇಕು, ವಯಸ್ಸಿನ ಮಿತಿ ಸಡಿಲಿಸಬೇಕು. ಮೂರು: ಅರ್ಹತಾ ಪರೀಕ್ಷೆ ಪಾಸಾಗದ ಹಿರಿಯರಿಗೆ ಮೂರು ವರ್ಷದ ಗಡುವನ್ನೂ ಓದಲು ಸಂಬಳ ಸಹಿತ ರಜೆಯನ್ನೂ ಕೊಡಬೇಕು, ಅಷ್ಟರ ತನಕ ಯಾರನ್ನೂ ಬೀದಿಗೆ ನೂಕಕೂಡದು. ನಾಲ್ಕು: ನೇಮಕವಾಗುವ ತನಕ ಸಮಾನ ಕೆಲಸಕ್ಕೆ ಸಮಾನ ಮೂಲ ವೇತನ, ಹನ್ನೆರಡು ತಿಂಗಳೂ, ಭವಿಷ್ಯ ನಿಧಿ, ಹೆಣ್ಣುಮಕ್ಕಳಿಗೆ ಸಂಬಳ ಸಹಿತ ಹೆರಿಗೆ ರಜೆ. ಐದು: ಪ್ರತಿ ಕಾಲೇಜಿಗೂ ಗುಮಾಸ್ತರು, ಗ್ರಂಥಪಾಲಕರು, ಮೇಷ್ಟ್ರಿಗೆ ಪಾಠ ಹೇಳುವ ಬಿಡುವು.

ದುಡ್ಡೆಲ್ಲಿದೆ ಎಂಬ ಪ್ರಶ್ನೆ ಬರುತ್ತದೆ. ಬರಲಿ. ಹತ್ತು ಸಾವಿರ ಮಂದಿ ಅತಿಥಿಗಳಿದ್ದಾರೆಂದೂ ಒಬ್ಬೊಬ್ಬರಿಗೆ ತಿಂಗಳಿಗೆ ಇನ್ನೂ ಇಪ್ಪತ್ತು ಸಾವಿರ ಕೊಡಬೇಕೆಂದೂ ಇಟ್ಟುಕೊಳ್ಳೋಣ. ವರ್ಷಕ್ಕೆ 240 ಕೋಟಿ ರೂಪಾಯಿ. 2025–26ರ ರಾಜ್ಯ ಆಯವ್ಯಯದ ಗಾತ್ರ 4,09,549 ಕೋಟಿ. ಅಂದರೆ ನೂರು ರೂಪಾಯಿ ಖರ್ಚಿನಲ್ಲಿ ಆರು ಪೈಸೆ! ರಾಷ್ಟ್ರದ ಆದಾಯದಲ್ಲಿ ನೂರಕ್ಕೆ ಆರು ಪಾಲು ಶಿಕ್ಷಣಕ್ಕೆ ಬೇಕೆಂದು ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು. ಆರು ರೂಪಾಯಿಯ ಮಾತನ್ನು ಮರೆತ ಆಳುವವರನ್ನು ನಾವಿಲ್ಲಿ ಆರು ಪೈಸೆ ಕೇಳುತ್ತಿದ್ದೇವೆ. ಇಲ್ಲದಿರುವುದು ದುಡ್ಡಲ್ಲ, ಮನಸ್ಸು.

ಕೊನೆಯದಾಗಿ ಎರಡು ಮಾತು. ಖಾಯಂ ಅಧ್ಯಾಪಕ ಬಂಧುಗಳೇ, ಪಕ್ಕದ ಕೋಣೆಯವನ ಸಂಕಟ ನಿಮ್ಮದಲ್ಲವೆಂದು ತಿಳಿಯಬೇಡಿ. ಅಗ್ಗದ ಮೇಷ್ಟ್ರು ಸಿಗುತ್ತಾನೆಂದು ತಿಳಿದ ಸರಕಾರ ನಿಮ್ಮಲ್ಲಿ ಒಬ್ಬರು ನಿವೃತ್ತರಾದಾಗಲೆಲ್ಲ ಒಂದು ಖಾಯಂ ಹುದ್ದೆಯನ್ನು ಸದ್ದಿಲ್ಲದೆ ಅಟ್ಟಕ್ಕೇರಿಸುತ್ತದೆ. ನಿಮ್ಮ ಸಂಘ ಅತಿಥಿಗಳ ಸಂಘದ ಜೊತೆ ಒಂದೇ ಜಮಖಾನೆಯ ಮೇಲೆ ಕೂರುವ ದಿನ ಈ ಹೋರಾಟಕ್ಕೆ ಅರ್ಧ ಜಯ ಸಿಕ್ಕಂತೆ.

ಗಂಡಸಿ ಹೋಬಳಿಯ ತಂದೆತಾಯಿಗಳೇ, ಮಗಳು ಕಾಲೇಜಿನಿಂದ ಬಂದಾಗ “ಇವತ್ತು ಎಷ್ಟು ಪಾಠ ಆಯಿತು, ಹೇಳಿದವರು ಯಾರು, ಅವರು ಮುಂದಿನ ವರ್ಷವೂ ಇರುತ್ತಾರೆಯೆ?” ಎಂದು ಕೇಳಿ. ಕೊಬ್ಬರಿಗೆ ಬೆಂಬಲ ಬೆಲೆ ಕೇಳಲು ನೀವು ರಸ್ತೆಗೆ ಇಳಿದವರು. ನಿಮ್ಮ ಮಕ್ಕಳಿಗೆ ಅಕ್ಷರ ಕೊಡುವವನ ದುಡಿಮೆಗೂ ಒಂದು ಬೆಂಬಲ ಬೆಲೆ ಬೇಡವೆ? ಮುಂದಿನ ಸಲ ಓಟು ಕೇಳಲು ಬಂದವರನ್ನು ಜಗಲಿಯ ಮೇಲೆ ಕೂರಿಸಿ, ನೀರು ಕೊಟ್ಟು, ಈ ಪ್ರಶ್ನೆಯನ್ನು ಕೇಳಿ. ಉತ್ತರ ಬರುವ ತನಕ ಅವರನ್ನು ಏಳಗೊಡಬೇಡಿ.